ಸರ್ವಜ್ಞನ ಅಂಕಣಗಳು: ಒಂದು ಪತ್ರಿಕಾಶಾಸ್ತ್ರೀಯ ಜಿಜ್ಞಾಸೆ

ಸರ್ವಜ್ಞ ಕವಿಯಲ್ಲ, ಅಂಕಣಕಾರ ಎಂಬುದು ಈ ಪ್ರಬಂಧದ ಪ್ರಮೇಯ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಓಲೆಗರಿಗಳನ್ನೂ ಜನರ ಬಾಯನ್ನೂ ತಡಕಾಡಿ, ಸುಮಾರು 2,000 ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದಾಗ ಪಂಡಿತರು ಅದನ್ನು ವಚನಸಂಗ್ರಹವೆಂದು ಕಪಾಟಿಗೇರಿಸಿಬಿಟ್ಟರು. ಅದು ನಿಜಕ್ಕೂ ಕಳೆದುಹೋಗಿದ್ದ ಪತ್ರಿಕಾ ಕಡತ. ಸಾಕ್ಷ್ಯ ಬರಹದೊಳಗೇ ಇದೆ. ಅಳತೆ ಮೂರೇ ಸಾಲು. ಜಾಹೀರಾತು ತುಂಬಿ ತುಳುಕುವ ದಿನವೂ ಸಂಪಾದಕರ ಕತ್ತರಿಗೆ ಸಿಗದಷ್ಟು. ಪ್ರತಿಯೊಂದರ ಕೊನೆಗೂ ಹೆಸರು ತಪ್ಪದೆ ಬರುತ್ತದೆ. ಅದು ಲೇಖಕನ ಹೆಸರಲ್ಲ, ಶಿವನ ಹೆಸರು ಎನ್ನುವ ವಿದ್ವಾಂಸರಿದ್ದಾರೆ; ಅಂಕಣಕಾರರನ್ನು ಹತ್ತಿರದಿಂದ ಬಲ್ಲವರಿಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಇನ್ನು ವಿಷಯ: ಸಾಲ, ಊಟ, ಜಾತಿ, ಗುರು, ಜೋಯಿಸ, ಹೆಂಡತಿ. ಪರಿಣತಿ ಇಲ್ಲದ ಕಡೆ ಬಾಯಿ ಮುಚ್ಚಬೇಕೆಂಬ ಅಂಜಿಕೆ ಎಲ್ಲೂ ಇಲ್ಲ. ಭಿಕ್ಷೆ ಬೇಡಿ ಉಂಡದ್ದನ್ನು ಅವನೇ ಠೀವಿಯಿಂದ ಹೇಳಿಕೊಂಡಿದ್ದಾನಲ್ಲ, ಕನ್ನಡ ಅಂಕಣಕಾರರ ಗೌರವಧನದ ಬಗ್ಗೆ ನಮಗೆ ದಕ್ಕಿರುವ ಹಳೆಯ ದಾಖಲೆ ಅದೇ.

ಪತ್ರಿಕೆಯೇ ಇಲ್ಲದ ಕಾಲದಲ್ಲಿ ಅಂಕಣವೆಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಮೊಗ್ಲಿಂಗ್ ಸಾಹೇಬರ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು, ಸರ್ವಜ್ಞ ಅದಕ್ಕೂ ಬಹಳ ಹಿಂದಿನವನು, ಒಪ್ಪಿದೆ. ಇದರಿಂದ ಸಿದ್ಧವಾಗುವುದು ಪತ್ರಿಕೆ ತಡವಾಗಿ ಬಂತೆಂಬುದೇ ಹೊರತು ಅಂಕಣ ಇರಲಿಲ್ಲವೆಂದಲ್ಲ. ಅವನ ಪ್ರಸರಣ ಬೀಸುವ ಕಲ್ಲಿನ ಮುಂದೆ, ಅಗಸೆಬಾಗಿಲಲ್ಲಿ, ಚಾವಡಿಯಲ್ಲಿ ನಡೆಯುತ್ತಿತ್ತು. ಸಂಶೋಧಕರು ತಲೆ ಕೆಡಿಸಿಕೊಂಡಿರುವ ಪಾಠಾಂತರಗಳು ಬೇರೇನಲ್ಲ, ಜಿಲ್ಲಾ ಆವೃತ್ತಿಗಳು. ಪ್ರಕ್ಷಿಪ್ತಗಳೆಂದು ತಳ್ಳಿಹಾಕಿದವು ವಾಚಕರ ವಾಣಿ. ಒಂದರಲ್ಲಿ ಹೆಣ್ಣನ್ನು ಹೊಗಳಿ ಇನ್ನೊಂದರಲ್ಲಿ ಹಳಿದವನು ಒಬ್ಬನೇ ಹೇಗಾದಾನು ಎಂಬ ಆಕ್ಷೇಪವಂತೂ ವಾರಕ್ಕೊಂದು ಅಭಿಪ್ರಾಯ ಹಡೆಯಬೇಕಾದ ಕಷ್ಟ ಅರಿಯದವರದು.

ಸರ್ವಜ್ಞನ ಊರೆಂಬ ಕೀರ್ತಿ ಹಿರೇಕೆರೂರು ಸೀಮೆಯ ಅಬಲೂರಿಗೇ ಯಾಕೆ ಎಂದು ನೆರೆ ತಾಲ್ಲೂಕಿನವರು ಮುನಿಸಿಕೊಳ್ಳಬೇಕಿಲ್ಲ. ಕಚೇರಿಯ ಉಳಿದ ವಿಭಾಗಗಳು ಅವರಲ್ಲೇ ಇದ್ದವು. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ರಾಗಿ-ಭತ್ತದ ವ್ಯಾಜ್ಯವನ್ನೂ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಮ ಕೊಟ್ಟ ತೀರ್ಪನ್ನೂ ಬರೆದ ನ್ಯಾಯಾಲಯ ವರದಿಗಾರರು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು 1964ರಲ್ಲಿ ಗೆಳೆಯರೊಡನೆ ‘ಸಂಕ್ರಮಣ’ ಹೊರಡಿಸಿ, ತುರ್ತುಪರಿಸ್ಥಿತಿಯಲ್ಲಿ ಜೈಲಿಗೂ ಹೋಗಿ ಬಂದು ಸಂಪಾದಕ ಹುದ್ದೆಯ ಅರ್ಹತೆ ಪೂರೈಸಿದರು. ಸವಣೂರಿನಲ್ಲೇ ಹುಟ್ಟಿದ ವಿ.ಕೃ. ಗೋಕಾಕರು ಭಾಷಾ ವರದಿ ಕೊಟ್ಟರೆ ಅದರ ಜಾರಿಗೆ ಬೀದಿಗಿಳಿದವರಲ್ಲಿ ಪಾಟೀಲರೂ ಒಬ್ಬರು, ಹೀಗೆ ಸುದ್ದಿ ಮತ್ತು ಸುದ್ದಿಯ ಪರಿಣಾಮ ಎರಡೂ ಒಂದೇ ತಾಲ್ಲೂಕಿನಿಂದ ಸರಬರಾಜಾದವು. ಹಾನಗಲ್ಲಿಗೆ ಏನು ಉಳಿಯಿತು? ಅದೇ ವಿರಾಟನಗರಿ ಎಂಬ ಸ್ಥಳಪುರಾಣವಿದೆ. ಪಾಂಡವರು ವರ್ಷಪೂರ್ತಿ ಸುಳ್ಳು ಹೆಸರಿನಲ್ಲಿ ಕಳೆದ ಊರು, ಅಂದರೆ ಕಾವ್ಯನಾಮ ವಿಭಾಗ. ಲೇಖಕರ ಭಾವಚಿತ್ರವಿಲ್ಲವೆಂಬ ಕೊರತೆ ಮಾತ್ರ ಬಹುಕಾಲ ಉಳಿದಿತ್ತು. ಅದೂ 2009ರ ಆಗಸ್ಟ್‌ನಲ್ಲಿ ನೀಗಿತು: ಬೆಂಗಳೂರಿನಲ್ಲಿ 18 ವರ್ಷ ಮುಸುಕು ಹೊದ್ದಿದ್ದ ತಿರುವಳ್ಳುವರ್ ಪ್ರತಿಮೆ 9ರಂದು ಮುಖ ತೋರಿಸಿತು, 13ರಂದು ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ಎದ್ದು ನಿಂತ. ಅಂಕಣಕಾರನೊಬ್ಬನ ಚಿತ್ರಕ್ಕೆ ಜಾಗ ಕೊಡಿಸಲು ಎರಡು ರಾಜ್ಯಗಳ ಮುಖ್ಯಮಂತ್ರಿಗಳೇ ಮಾತಾಡಿಕೊಳ್ಳಬೇಕಾಯಿತು.