ದೇವರ ಮನೆ ಬಾಗಿಲಿಗೆ ಬಣ್ಣ: ಬಳಕೆದಾರರ ಕೈಪಿಡಿ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದೇವರ ಮನೆಗೆಂದು ಹಾಲುಬಿಳಿ ಗಾಜಿನಲ್ಲಿ ಗಣಪತಿಯನ್ನು ಕೊರೆಸಿ ಬಾಗಿಲು ಹಾಕಿಸಿಕೊಂಡು, ವರ್ಷ ತುಂಬುವುದರೊಳಗೆ ‘ಯಾಕೋ ಬೋಳುಬೋಳು ಅನ್ನಿಸುತ್ತೆ ಕಣ್ರೀ’ ಎಂದು ಗೊಣಗತೊಡಗಿದವರಿಗಾಗಿ ಈ ಕೈಪಿಡಿ.

ಮೊದಲು ಬಾಗಿಲನ್ನು ಕೀಲಿನಿಂದ ಬಿಚ್ಚಿ ನೆಲಕ್ಕೆ ಮಲಗಿಸಿ. ನಿಂತ ಗಾಜಿಗೆ ಬಳಿದರೆ ಗಣಪತಿಯ ಕೆಂಪು ಪಂಚೆ ಇಲಿಯ ಮೇಲೆ ಇಳಿಯುತ್ತದೆ. ಎತ್ತಲು ಇಬ್ಬರು ಬೇಕು. ಸಲಹೆ ಕೊಡುವ ಮೂರನೆಯವರು ತಾವಾಗಿಯೇ ಬರುತ್ತಾರೆ. ಬಣ್ಣ ಒಣಗುವವರೆಗೂ ದೇವರು ಹಾಲ್‌ನ ಟೀವಿಗೆ ಎದುರಾಗಿ ಕೂರಬೇಕಾದ್ದರಿಂದ, ಧಾರಾವಾಹಿಯ ಕಥೆ ಎಲ್ಲಿಗೆ ಬಂದಿದೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈಗ ಉಗುರಿನಿಂದ ಗೀರಿ ನೋಡಿ. ತರಿತರಿಯಾಗಿರುವುದು ಕೊರೆದ ಮೈ. ಗಾಳಿಯ ಒತ್ತಡದಲ್ಲಿ ಮರಳು ಸಿಡಿಸಿಯೋ ಆಮ್ಲ ಹಚ್ಚಿಯೋ ಮಾಡಿದ ಲೆಕ್ಕವಿಲ್ಲದಷ್ಟು ಸಣ್ಣ ಗುಳಿಗಳು ಅಲ್ಲಿವೆ. ಅವುಗಳಲ್ಲಿ ಬೆಳಕು ಚದುರುವುದರಿಂದಲೇ ಗಾಜು ಬೆಳ್ಳಗೆ ಕಾಣುವುದು. ಒದ್ದೆ ಬೆರಳಿಟ್ಟರೆ ಗುಳಿಗಳಲ್ಲಿ ನೀರು ತುಂಬಿ ಅಷ್ಟು ಜಾಗ ಪಾರದರ್ಶಕವಾಗುತ್ತದೆ. ಪಾರದರ್ಶಕ ಗ್ಲಾಸ್ ಪೇಂಟ್ ಮಾಡುವುದೂ ಇದನ್ನೇ. ವ್ಯತ್ಯಾಸವಿಷ್ಟೇ, ನೀರು ಆರಿಹೋಗುತ್ತದೆ, ಬಣ್ಣ ಆರಿದ ಮೇಲೂ ಅಲ್ಲೇ ಇರುತ್ತದೆ. ಗಣಪತಿಯ ಹೊಟ್ಟೆಗೆ ಚೆಂದದ ಹಳದಿ ತುಂಬಿ ಮಲಗುತ್ತೀರಿ. ಬೆಳಗ್ಗೆ ಎದ್ದರೆ ಆ ಹೊಟ್ಟೆಯೊಳಗೆ ದೀಪದೆಣ್ಣೆಯ ಕ್ಯಾನು, ಹಳೇ ಪಂಚಾಂಗಗಳ ಕಟ್ಟು, ಯಾರದೋ ಮದುವೆಯ ರಿಟರ್ನ್ ಗಿಫ್ಟ್ ಬಟ್ಟಲುಗಳು ಕಾಣಿಸುತ್ತಿರುತ್ತವೆ. ಲಂಬೋದರನಿಗೆ ಇದೇನೂ ಭಾರವಲ್ಲ. ನಿಮಗೆ ಮುಜುಗರವಾಗುವುದಾದರೆ ಹಿಂದಿನ ನುಣುಪು ಮೈಗೇ ಹಚ್ಚಿ.

ಹಚ್ಚುವ ಮುಂಚೆ ಸ್ಪಿರಿಟ್‌ನಲ್ಲಿ ಒರೆಸಿ. ಹತ್ತಿರದ ದೀಪ ಶಾಂತವಾಗಿರಲಿ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಎಣ್ಣೆಬೆರಳಿನ ಗುರುತಿನ ಮೇಲೆ ಬಣ್ಣ ಕೂರುವುದಿಲ್ಲ. ಹಿಡಿಕೆಯ ಸುತ್ತಲ ಗುಳಿಗಳಲ್ಲಿ ಶುಕ್ರವಾರಗಳ ಅರಿಶಿನ ಕುಂಕುಮ ಆಗಲೇ ಮನೆ ಮಾಡಿರುತ್ತದೆ. ಹಾಗೆ ನೋಡಿದರೆ ಮನೆಯ ಹೆಂಗಸರು ನಿಮಗಿಂತ ಮೊದಲೇ ಈ ಕೆಲಸ ಶುರುಮಾಡಿದ್ದಾರೆ, ಬಣ್ಣದ ಆಯ್ಕೆಯೂ ವಾಸಿ.

ಕೊರೆದ ಗೆರೆಗುಂಟ ಔಟ್‌ಲೈನರ್ ಟ್ಯೂಬು ಹಿಂಡುತ್ತಾ ಹೋಗಿ. ಗದ್ದೆಗೆ ಬದು ಇದ್ದಂತೆ ಇದು. ಒಂದು ಕಡೆ ಒಡೆದರೂ ಸೊಂಡಿಲಿನ ಬಣ್ಣ ಮೋದಕಕ್ಕೆ ಹರಿಯುತ್ತದೆ. ಬದು ಒಣಗಿದ ಮೇಲೆ ಒಳಗೆ ಬಣ್ಣ ತುಂಬಿ. ಗುಳ್ಳೆ ಎದ್ದರೆ ಸೂಜಿಯಿಂದ ಚುಚ್ಚಿ.

ಬಣ್ಣದ ಆಯ್ಕೆಗೆ ಸಭೆ ಕರೆಯಬೇಡಿ. ಈ ಬಣ್ಣಗಳು ಹಿಂದಿನಿಂದ ಬೆಳಕು ಬಿದ್ದರಷ್ಟೇ ಅರಳುವಂಥವು. ಕಿಟಕಿಯಿಲ್ಲದ ದೇವರ ಮನೆಯಲ್ಲಿ ದೀಪವಿಲ್ಲದ ಹೊತ್ತು ಕಡುನೀಲಿ, ಕಡುಹಸಿರು ಎಲ್ಲವೂ ಕಪ್ಪೇ. ನನ್ನನ್ನು ಕೇಳಿದರೆ ಹೂವಿಗಷ್ಟು ಹಳದಿ, ಹಣೆಗಿಷ್ಟು ಕೆಂಪು, ಮಿಕ್ಕಿದ್ದು ಬೋಳಾಗಿಯೇ ಇರಲಿ. ಆದರೆ ನೀವು ಆಗಲೇ ಹನ್ನೆರಡು ಬಣ್ಣದ ಡಬ್ಬಿ ತಂದಾಗಿದೆ.

ದೂರು ಪರಿಹಾರ: ಅತ್ತೆಯವರು ಒಪ್ಪದಿದ್ದರೆ ನುಣುಪು ಮೈಯ ಬಣ್ಣವನ್ನು ಬ್ಲೇಡಿನಲ್ಲಿ ಹೆರೆದು ತೆಗೆಯಬಹುದು. ತರಿ ಮೈಗೆ ಹಚ್ಚಿದ್ದರೆ ಗುಳಿಯೊಳಗಿನ ಬಣ್ಣ ಥಿನ್ನರಿಗೂ ಸುಲಭಕ್ಕೆ ಬಗ್ಗದು. ಅಂಥವರಿಗಾಗಿ ಮಾರುಕಟ್ಟೆಯಲ್ಲಿ ನೆಲ ಮುಟ್ಟುವಷ್ಟು ಉದ್ದದ ಪ್ಲಾಸ್ಟಿಕ್ ಚೆಂಡುಹೂವಿನ ತೋರಣಗಳು ಸಿಗುತ್ತವೆ. ಅಗಲ ನೋಡಿ ತನ್ನಿ.