ಪದ್ಮಿನಿಯ ಊಟೋಪಚಾರ

ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಗೆ ಒಂದು ಡೈರಿ ಇತ್ತು. ಯಾವ ದಿನ ಎಷ್ಟು ಲೀಟರ್ ಹಾಕಿಸಿದ್ದು, ಮೀಟರ್ ಎಷ್ಟಿತ್ತು, ಲೀಟರಿಗೆ ಎಷ್ಟು ಕೊಟ್ಟಿತು, ಎಲ್ಲವೂ ಹಸಿರು ಇಂಕಿನಲ್ಲಿ. ಚಾರ್ಮಾಡಿ ಇಳಿಯುವಾಗ ಎಂಜಿನ್ ಆಫ್ ಮಾಡಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, "ಈಗ ಓಡ್ತಿರೋದೆಲ್ಲ ಪುಕ್ಕಟೆ" ಎಂದು ನಗುತ್ತಿದ್ದರು. ಒಂದೇ ಒಂದು ಸಲ ಲೀಟರಿಗೆ 14 ಬಂದಿದೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಅಂಥವರ ಕಾರು ನನ್ನ ಕೈಗೆ ಬಂತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ, 1089 ಸಿಸಿ, ನಲವತ್ತು ಚಿಲ್ಲರೆ ಕುದುರೆ. ಆ ಕುದುರೆಗಳಲ್ಲಿ ಅರ್ಧಕ್ಕೆ ವಯಸ್ಸಾಗಿತ್ತು. ಸುಮ್ಮನೆ ಓಡಿಸಿಕೊಂಡಿರಬಹುದಿತ್ತು. ಬುದ್ಧಿ ಕೆಟ್ಟು ಎಂಜಿನ್ ಬಿಚ್ಚಿಸಿದೆ. "ಬೋರ್ ಹಾಕಿಸ್ತಿದೀನಿ, ಖರ್ಚಿದೆ" ಎಂದಾಗ ಹೆಂಡತಿಗೆ ಖುಷಿಯೋ ಖುಷಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಕಾಟ ತಪ್ಪಿತು ಎಂದುಕೊಂಡಿದ್ದಳು. ಕೊರೆಸಿದ್ದು ಸಿಲಿಂಡರನ್ನು ಎಂದು ತಿಳಿದ ಮೇಲೆ, ನನ್ನ ಮಾತೇ ಅವಳಿಗೆ ಬೋರಾಗತೊಡಗಿತು.

ಬೋರ್ ಆಯಿತು, ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿದ್ದಾಯಿತು, ಕ್ಯಾಮ್ ಬದಲಾಯಿತು. ಹಳಬರು ಹೆಣ್ಣನ್ನು ಪದ್ಮಿನಿ, ಚಿತ್ತಿನಿ, ಶಂಕಿನಿ, ಹಸ್ತಿನಿ ಎಂದು ನಾಲ್ಕು ಜಾತಿ ಮಾಡಿದ್ದರಂತೆ. ನಮ್ಮ ಪದ್ಮಿನಿ ಒಂದೇ ತಿಂಗಳಲ್ಲಿ ಹಸ್ತಿನಿಯಾದಳು. ಹೊಟ್ಟೆ ದೊಡ್ಡದಾಯಿತು, ಬಾಯಿ ಮಾತ್ರ ಹಳೆಯ ಸೋಲೆಕ್ಸ್ ಕಾರ್ಬೊರೇಟರಿನದೇ. ಕಾಲು ಒತ್ತಿದರೆ ಗಾಡಿ ಒಮ್ಮೆ ಬಿಕ್ಕಿ, ನನ್ನ ಕಡೆಯೇ ತಿರುಗಿ ನೋಡಿದಂತೆ ಮಾಡಿ ನಿಲ್ಲುತ್ತಿತ್ತು. "ಸಾರ್, ಆನೆಗೆ ಒಳಲೆಯಲ್ಲಿ ಹಾಲು ಕುಡಿಸ್ತಿದೀರ" ಎಂದ ನಮ್ಮ ಮೆಕ್ಯಾನಿಕ್ ಭಾಯ್.

ಸರಿ, ವೆಬರ್ ಬಂತು. ಬೊಲೋನ್ಯಾದಲ್ಲಿ ಶುರುವಾದ ಹೆಸರು. ಇದಕ್ಕೆ ಎರಡು ಬಾಯಿ, ಒಂದು 32 ಮಿಲಿಮೀಟರ್, ಇನ್ನೊಂದು 36. ಮಾಮೂಲಿ ಓಡಾಟಕ್ಕೆ ಚಿಕ್ಕದು ಸಾಕು. ಆಕ್ಸಿಲರೇಟರನ್ನು ಮುಕ್ಕಾಲುಪಾಲು ತುಳಿದಾಗಲೇ ದೊಡ್ಡದು ತೆರೆಯುವುದು. ಮದುವೆಮನೆಯಲ್ಲಿ ಅನ್ನಸಾರಿನವರೆಗೆ ಸಂಕೋಚದಿಂದ ಕೂತು, ಹೋಳಿಗೆಯ ಬುಟ್ಟಿ ಕಂಡಕೂಡಲೇ ತೋಳು ಮಡಚುವ ನಮ್ಮ ಸೋದರಮಾವನ ಪದ್ಧತಿ.

ಹಳೆಯ ಪಂಪು ಇಷ್ಟು ಪೂರೈಸಲಾರದು ಎಂದು ನಾನೇ ತೀರ್ಮಾನಿಸಿದೆ. ಭಾಯ್‌ಗೆ ಹೇಳದೆ ಗುಜರಿಯಲ್ಲಿ ಯಾವುದೋ ಇಂಜೆಕ್ಷನ್ ಕಾರಿನ ಕರೆಂಟ್ ಪಂಪು ಕೊಂಡು, ಭಾನುವಾರ ನಾನೇ ಜೋಡಿಸಿದೆ. ಕಾರ್ಬೊರೇಟರಿಗೆ ಬೇಕಾದದ್ದು 3 ಪಿಎಸ್‌ಐ ಒತ್ತಡ. ಈ ಪಂಪು ತಳ್ಳುವುದು 40ಕ್ಕೂ ಹೆಚ್ಚು. ಒಳಗೆ ಫ್ಲೋಟ್ ಎಂಬ ಪುಟ್ಟ ತೇಲುಬುರುಡೆ ಇರುತ್ತದೆ, ಪೆಟ್ರೋಲ್ ತುಂಬಿದಾಗ ಅದು ಮೇಲೆದ್ದು ನೀಡಲನ್ನು ಒತ್ತಿ "ಸಾಕು" ಅನ್ನುತ್ತದೆ. ಬಡಪಾಯಿ, ಆವತ್ತೂ ಅಂದಿರಬೇಕು. ಸಂಪಿನ ಮೋಟರಿನ ಪೈಪನ್ನು ಕೈಕೂಸಿನ ಬಾಯಿಗೆ ಹಿಡಿದಿದ್ದವನಿಗೆ ಕೇಳಿಸೀತೆ? ಕೀ ತಿರುಗಿಸಿದೆ. ಬಾನೆಟ್ಟಿನ ಕೆಳಗಿಂದ ಬೃಂದಾವನದ ಕಾರಂಜಿ ಎದ್ದಿತು, ದೀಪವೊಂದು ಕಡಿಮೆ. ದೀಪ ಹತ್ತದಿದ್ದದ್ದು ಹಿರಿಯರ ಪುಣ್ಯ. ಎದುರುಮನೆಯವರು ಬೀಡಿ ಹೊಸಕಿಹಾಕಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಸೋಮವಾರ ಭಾಯ್ ಬಂದು ನೋಡಿ, "ಫೈರ್ ಎಂಜಿನ್ ಮಾಡೋದಿದ್ರೆ ಮೊದಲೇ ಹೇಳಬೇಕಿತ್ತು ಸಾರ್, ಕೆಂಪು ಬಣ್ಣ ಹೊಡೀತಿದ್ದೆ" ಎಂದ.

ಆಮೇಲೆ ಬಂದ ಕಡಿಮೆ ಒತ್ತಡದ ಪಂಪನ್ನು ಅವನು ಹಿಂದೆ, ಟ್ಯಾಂಕಿನ ಪಕ್ಕದಲ್ಲೇ ಕೂರಿಸಿದ. ಇಂಥ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಎಂಜಿನ್ ನಿಂತರೆ ಪಂಪೂ ನಿಲ್ಲಲಿ ಎಂದು ಆಯಿಲ್ ಪ್ರೆಷರಿನ ಸ್ವಿಚ್ಚಿಗೆ ತಂತಿ ಕೊಟ್ಟ. ಅದು ಟಿಕ್ ಟಿಕ್ ಅನ್ನುತ್ತದೆ. ಮೊದಲ ದಿನ ಹೆಂಡತಿ ಬೆಚ್ಚಿ, "ರೀ, ಡಿಕ್ಕಿಯಲ್ಲಿ ಹಲ್ಲಿ ಲೊಚಗುಡ್ತಿದೆ, ಯಾವ ದಿಕ್ಕು ನೋಡಿ" ಎಂದು ಪಂಚಾಂಗ ಹುಡುಕಿದಳು.

ಇನ್ನು ಉಳಿದದ್ದು ಹದ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂದು ಪುಸ್ತಕ ಹೇಳುತ್ತದೆ. ಬಂಕಿನವನು ಈಗ ಹಾಕುವುದು ಐದರಲ್ಲೊಂದು ಪಾಲು ಎಥನಾಲ್ ಬೆರೆತ ಪೆಟ್ರೋಲು, ಎಥನಾಲಿಗೆ ಗ್ರಾಮಿಗೆ 9 ಗ್ರಾಂ ಗಾಳಿ ಸಾಕು. ಎಂದರೆ ಅದೇ ಗಾಳಿಗೆ ಇನ್ನಷ್ಟು ಇಂಧನ ಸುರಿಯಬೇಕು. ಅಪ್ಪನ ಕಾಲದ ರಬ್ಬರ್ ಪೈಪುಗಳಂತೂ ಈ ಕಬ್ಬಿನ ರುಚಿಗೆ ಮೆತ್ತಗಾಗಿ, ಕಪ್ಪು ಚೂರು ಚೂರಾಗಿ ಕಾರ್ಬೊರೇಟರಿನಲ್ಲಿ ಸಾಸಿವೆಯಂತೆ ತೇಲಿದವು, ಎಲ್ಲ ಕಿತ್ತು ಹೊಸದು ಹಾಕಿಸಿದೆ. ಬೆಂಗಳೂರಿರುವುದೋ ಮೂರು ಸಾವಿರ ಅಡಿ ಮೇಲೆ, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ತೆಳು. ಇಷ್ಟನ್ನೂ ಸರಿತೂಗಿಸಬೇಕಾದ್ದು ಜೆಟ್ ಎಂಬ ಹಿತ್ತಾಳೆಯ ತುಣುಕು. ಮೂಗುಬೊಟ್ಟಿಗಿಂತ ತುಸು ದೊಡ್ಡದು, ನಡುವೆ ತೂತು. 140 ಎಂದು ಕೊರೆದಿದ್ದರೆ ತೂತು 1.40 ಮಿಲಿಮೀಟರ್. 135ಕ್ಕೆ ಗಾಡಿ ಕೆಮ್ಮುತ್ತದೆ, 145ಕ್ಕೆ ಹೊಗೆ ಉಗುಳುತ್ತದೆ. ಪ್ರತಿ ಸಲವೂ ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ಅದರ ತುದಿ ನೋಡುವುದು. ಕಾಡಿಗೆಯಂತೆ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಾದರೆ ಕಡಿಮೆ. ಹದವಾಗಿ ಹುರಿದ ಕಾಫಿಪುಡಿಯ ಬಣ್ಣ ಬರಬೇಕು. ಒಂಬತ್ತನೆಯ ಸಲ ಬಂತು. ಮನೆಯೊಳಗೆ ಓಡಿಹೋಗಿ ತೋರಿಸಿದೆ. "ಚಿಕೋರಿ ಜಾಸ್ತಿಯಾಯ್ತು" ಎಂದಳು.

ಪುತ್ತೂರಿನಲ್ಲಿ ನಾದಿನಿಯ ಗೃಹಪ್ರವೇಶ. ಪದ್ಮಿನಿಯಲ್ಲೇ ಹೊರಟೆವು. ಸಕಲೇಶಪುರದವರೆಗೆ ಅವಳ ಓಟ ನೋಡಿ ನನಗೇ ದೃಷ್ಟಿ ತೆಗೆಯಬೇಕೆನಿಸಿತು. ಶಿರಾಡಿಯಲ್ಲಿ ಜಾಮ್. ನಡುಮಧ್ಯಾಹ್ನ, ಮುಂದೆ ಲಾರಿಗಳ ಸಾಲು, ಒಂದೂವರೆ ತಾಸು ತೆವಳಿದ್ದೇ ತೆವಳಿದ್ದು. ಎಂಜಿನ್ ಕಾದು, ಪೈಪಿನೊಳಗೇ ಪೆಟ್ರೋಲ್ ಕುದಿದು ಆವಿಯಾಗಿ, ಗಾಡಿ ನಿಂತಿತು. ಎದುರಿನಿಂದ ಮಂಗಳೂರಿನ ಟ್ಯಾಂಕರುಗಳು ಒಂದರ ಹಿಂದೊಂದು ತುಂಬಿಕೊಂಡು ಏರುತ್ತಿದ್ದವು, ನನ್ನ ಕಾರ್ಬೊರೇಟರಿಗೆ ತೊಟ್ಟಿಲ್ಲ. ಭಾಯ್‌ಗೆ ಫೋನ್ ಮಾಡಿದೆ. "ಪೈಪು ಸೈಲೆನ್ಸರ್ ಪಕ್ಕ ಹೋಗಿದೆ, ಬದಲಾಯಿಸೋಣ ಅಂದಿದ್ದೆ, ನೀವು ಅರ್ಜೆಂಟ್ ಮಾಡಿದ್ರಿ" ಎಂದ. "ಈಗೇನು ಮಾಡಲಿ?"

"ನಿಮ್ಮ ತಂದೆಯೋರು ಏನ್ ಮಾಡ್ತಿದ್ರು?"

ಒದ್ದೆಬಟ್ಟೆ ಹಾಕುತ್ತಿದ್ದರು. ಬ್ಯಾಗಿನಲ್ಲಿ ಮೇಲೆಯೇ ಕೈಗೆ ಸಿಕ್ಕಿದ್ದು ಗೃಹಪ್ರವೇಶಕ್ಕೆಂದು ಕೊಂಡ ಜರಿಯಂಚಿನ ಪಂಚೆ. ಕುಡಿಯುವ ನೀರಲ್ಲಿ ನೆನೆಸಿ ಪೈಪಿಗೆ ಸುತ್ತಿದೆ. ಅರ್ಧ ಗಂಟೆಗೆ ಪದ್ಮಿನಿ ಸುಮ್ಮನೆ, ಏನೂ ಆಗಿಲ್ಲದವಳಂತೆ ಎದ್ದಳು. ಮುಂದಿನ ಇಳಿಜಾರಿನಲ್ಲಿ ನನ್ನ ಕೈ ಕೀ ಕಡೆಗೆ ಹೋದದ್ದನ್ನು ಹೆಂಡತಿ ನೋಡಿದಳು. ಹಿಂತೆಗೆದುಕೊಂಡೆ.

ಉಪ್ಪಿನಂಗಡಿಯ ಬಂಕಿನಲ್ಲಿ ಡೈರಿ ತೆಗೆದು ಲೆಕ್ಕ ಹಾಕಿದೆ. ಲೀಟರಿಗೆ 7. ಅಪ್ಪನ ಹಸಿರು ಸಾಲುಗಳ ಕೆಳಗೆ ಅದನ್ನು ಪೆನ್ಸಿಲ್ಲಿನಲ್ಲಿ ಬರೆದೆ, ಅಳಿಸಲು ಅನುಕೂಲ.

ಪಂಚೆಯನ್ನು ಮೂರು ಸಲ ಒಗೆದರು. ಮರುದಿನ ಅದನ್ನೇ ಉಟ್ಟು ಹೋಮದ ಮುಂದೆ ಕೂತೆ. ಪುರೋಹಿತರು ತುಪ್ಪದ ಸೌಟು ಎತ್ತಿದವರು ಒಮ್ಮೆ ಮೂಗು ಅರಳಿಸಿ ಸುತ್ತ ನೋಡಿ, ಮಂತ್ರ ನಿಲ್ಲಿಸಿ, "ಭಾವನೋರು ಸ್ವಲ್ಪ ಅಂಗಳದಲ್ಲಿ ಕೂತ್ಕೊಳ್ಳಿ" ಎಂದರು.