ಅಮೆರಿಕನ್ ನಾಯಿಕಾಭೇದ ಚಂದ್ರಿಕೆ

ಟಿಕೆಟ್ ಕಿಟಕಿಗೆ ವಂದಿಸಿ ಆರಂಭಿಸುತ್ತೇನೆ.

ಭರತಮುನಿ ಎಂಟು ನಾಯಿಕೆಯರನ್ನು ವಿಂಗಡಿಸಿದ್ದು ಅವರವರ ಮನಸ್ಸಿನ ಅವಸ್ಥೆ ನೋಡಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನಾಟಕ ಕಂಪನಿ ಮಾಲೀಕರಿಗೆ ಅಷ್ಟು ಪುರಸೊತ್ತಿರಲಿಲ್ಲ. ಅವರು ಸಂಬಳದ ಪಟ್ಟಿ ನೋಡಿ ವಿಂಗಡಿಸಿದರು. ಪ್ರಧಾನ ನಾಯಕಿ, ಏನೂ ಅರಿಯದ ಮುಗ್ಧೆ, ಚೂಟಿಯಾದ ಸಖಿ, ಮುದುಕಿ. ಇದಕ್ಕೆ 'ಲೈನ್' ಎಂದು ಹೆಸರು. ಮುಗ್ಧೆಯ ಲೈನ್ ಹಿಡಿದವಳು ಮಂಡಿನೋವು ಬಂದ ಮೇಲೂ ಮುಗ್ಧೆಯೇ ಎಂದು ತಿಳಿಯತಕ್ಕದ್ದು.

ಪ್ರಥಮ ಸೂತ್ರ: ಕೆಮ್ಮಿದವಳು ಸಾಯತಕ್ಕದ್ದು.

ಭಾಷ್ಯ: ಫ್ರಾನ್ಸಿನಿಂದ ಹಡಗೇರಿ ಬಂದ 'ಕಮೀಲ್' ನಾಟಕದ ಕ್ಷಯರೋಗಿ ನಾಯಕಿ ಇದಕ್ಕೆ ಪ್ರಮಾಣ. 1857ರಲ್ಲಿ ಮಟಿಲ್ಡಾ ಹೆರಾನ್ ನ್ಯೂಯಾರ್ಕಿನಲ್ಲಿ ಆ ಪಾತ್ರ ಮಾಡಿ ಕರವಸ್ತ್ರಗಳನ್ನು ಒದ್ದೆ ಮಾಡಿಸಿದಳು. ನೆಗಡಿಗೆ ಈ ಸೂತ್ರ ಅನ್ವಯಿಸದು, ಸೀನುವವಳು ಹಾಸ್ಯಪಾತ್ರ. ವಯಸ್ಸಿನ ರಿಯಾಯಿತಿಯೂ ಇಲ್ಲ. 1852ರಲ್ಲಿ ಟ್ರಾಯ್ ಪಟ್ಟಣದ 'ಅಂಕಲ್ ಟಾಮ್ಸ್ ಕ್ಯಾಬಿನ್' ನಾಟಕದಲ್ಲಿ ಪುಟ್ಟ ಈವಾ ಆಗಿ ರಾತ್ರಿಯ ಮೇಲೆ ರಾತ್ರಿ ಸತ್ತ ಕಾರ್ಡೀಲಿಯಾ ಹೋವರ್ಡ್‌ಗೆ ಆಗಿನ್ನೂ ನಾಲ್ಕು ವರ್ಷ.

ದ್ವಿತೀಯ ಸೂತ್ರ: ರೈಲು ಬರುವಾಗ ಕಂಬಿಯ ಮೇಲೆ ಅಬಲೆ ಇರತಕ್ಕದ್ದು.

ಇಲ್ಲೊಂದು ತೊಡಕು. ಈ ದೃಶ್ಯವನ್ನು ಪ್ರಸಿದ್ಧಗೊಳಿಸಿದ ಆಗಸ್ಟಿನ್ ಡೇಲಿಯ 'ಅಂಡರ್ ದ ಗ್ಯಾಸ್‌ಲೈಟ್' (1867) ತೆರೆದು ನೋಡಿದರೆ, ಕಂಬಿಗೆ ಕಟ್ಟಿಸಿಕೊಂಡಿರುವುದು ಸ್ನಾರ್ಕಿ ಎಂಬ ಒಕ್ಕೈ ಮಾಜಿ ಸೈನಿಕ! ನಾಯಕಿ ಲಾರಾ ನಿಲ್ದಾಣದ ಕೊಠಡಿಯೊಳಗೆ ಸಿಕ್ಕಿಕೊಂಡಿದ್ದಾಳೆ; ಕೊಡಲಿಯಿಂದ ಬಾಗಿಲು ಒಡೆದು ಬಂದು ಅವನನ್ನು ಬಿಡಿಸುತ್ತಾಳೆ. ಸೂತ್ರ ಕೆಡಬಾರದಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ಹಗ್ಗ ಬಿಚ್ಚುವವರೆಗೆ ಸ್ನಾರ್ಕಿಯು ಲಕ್ಷಣತಃ ಸ್ತ್ರೀಯೇ ಎಂದು ಇತ್ಯರ್ಥ ಮಾಡಿದ್ದೇನೆ. ಕೊಡಲಿಯನ್ನು ಆಭರಣವೆಂದು ಭಾವಿಸಬೇಕು.

ಸಖಿಯ ವಿಚಾರ. ಲಾಟಾ ಕ್ರ್ಯಾಬ್‌ಟ್ರೀ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಬಿಡಾರಗಳಲ್ಲಿ ಕುಣಿದ ಹುಡುಗಿ. ಗಣಿಯವರು ಮೆಚ್ಚಿ ಎಸೆದ ಚಿನ್ನವನ್ನು ಅವಳ ತಾಯಿ ಆಯ್ದುಕೊಳ್ಳುತ್ತಿದ್ದಳು. ತುಂಟ ಹುಡುಗಿಯ ಪಾತ್ರ ಅವಳನ್ನು ನಲವತ್ತು ದಾಟಿದರೂ ಬಿಡಲಿಲ್ಲ. ಮದುವೆಯಾಗಲಿಲ್ಲ, 1924ರಲ್ಲಿ ತೀರಿಕೊಂಡಾಗ ಸುಮಾರು 40 ಲಕ್ಷ ಡಾಲರ್ ಆಸ್ತಿ ಬಿಟ್ಟಳು. ಈ ಮೊತ್ತ ಅಬಲೆಯ ಲಕ್ಷಣಕ್ಕೆ ಹೊಂದದ್ದರಿಂದ ಅನುಬಂಧಕ್ಕೆ ತಳ್ಳಿದ್ದೇನೆ. ಅನುಬಂಧವನ್ನು ಗೆದ್ದಲು ತಿಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕ್ಷಯಕ್ಕೆ ಔಷಧಿ ಬಂತು, ನಾಟಕಕಾರರಿಗೆ ಕಷ್ಟವಾಯಿತು. ಕೆಮ್ಮಿನ ಜಾಗಕ್ಕೆ ಚಿತ್ತಭ್ರಮೆಯನ್ನು ತಂದು ಸುಧಾರಿಸಿಕೊಂಡರು. 1947ರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕದ ಬ್ಲಾಂಚ್ ಬರಿಯ ಬಲ್ಬಿಗೆ ಕಾಗದದ ಆಕಾಶಬುಟ್ಟಿ ಹಾಕಿಸುತ್ತಾಳೆ, ಕೊನೆಗೆ ಡಾಕ್ಟರರ ತೋಳು ಹಿಡಿದು ಹೊರಡುತ್ತಾಳೆ. ಸೂತ್ರಕ್ಕೆ ತಿದ್ದುಪಡಿ ಸಾಕು.

ಕಪ್ಪು ನಟಿಯರ ಅಧ್ಯಾಯ ಚಿಕ್ಕದು. ಅವರಿಗಿದ್ದದ್ದು ಬಹುಪಾಲು ಒಂದೇ ಲೈನ್: ಬಿಳಿಯರ ಮನೆಯ ಕೆಲಸದವಳು. ಇಷ್ಟರಲ್ಲೇ ಮುಗಿಸುತ್ತಿದ್ದೆ, ಆದರೆ ಸ್ವತಃ ನಟಿಯಾಗಿದ್ದ ಆಲಿಸ್ ಚೈಲ್ಡ್ರೆಸ್ 1955ರಲ್ಲಿ 'ಟ್ರಬಲ್ ಇನ್ ಮೈಂಡ್' ಬರೆದುಬಿಟ್ಟರು. ಅದರ ನಾಯಕಿ ವಿಲೆಟಾ ಕೂಡ ನಟಿ. ತಾಲೀಮು ನಡೆಯುತ್ತಿರುವ ನಾಟಕದೊಳಗಿನ ನಾಟಕದಲ್ಲಿ ಅವಳದು ತಾಯಿಯ ಪಾತ್ರ. ಮಗನನ್ನು ಕೊಲ್ಲಲು ಜನ ಹುಡುಕುತ್ತಿರುವಾಗ ಆ ತಾಯಿ ಅವನನ್ನು ಮನೆಯಿಂದ ಹೊರಗೆ ಕಳಿಸಬೇಕು. ಯಾವ ತಾಯಿ ಹೀಗೆ ಮಾಡುತ್ತಾಳೆ ಎಂದು ವಿಲೆಟಾ ನಿರ್ದೇಶಕನನ್ನು ಕೇಳುತ್ತಾಳೆ.

ಇದಕ್ಕೆ ನನ್ನಲ್ಲಿ ಸೂತ್ರವಿಲ್ಲ. ಬ್ರಾಡ್‌ವೇ ನಿರ್ಮಾಪಕರಲ್ಲೂ ಇರಲಿಲ್ಲ. ನಾಟಕದ ಕೊನೆಯನ್ನು ಹಿತವಾಗುವಂತೆ ಬದಲಿಸಿ ಎಂದರು. ಚೈಲ್ಡ್ರೆಸ್ ಒಪ್ಪಲಿಲ್ಲ. ಅವರು 1994ರಲ್ಲಿ ತೀರಿಕೊಂಡರು. ನಾಟಕ ಬ್ರಾಡ್‌ವೇ ಏರಿದ್ದು 2021ರಲ್ಲಿ.